ಕ್ಲಬ್ಬಿನಲ್ಲಿ ಊಟ, ಭಾಷಣವೇ ಜಾಸ್ತಿ: ಕಾರ್ಯದರ್ಶಿ ಆಗಲಾ, ಬಿಟ್ಟು ಬರಲಾ?

ಪ್ರಶ್ನೆ: ಸರ್, ನಮಸ್ಕಾರ. ನನಗೆ 38 ವರ್ಷ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ಪರಿಚಯದ ಡಾಕ್ಟರೊಬ್ಬರು ಕರೆದರು ಅಂತ ಎರಡು ವರ್ಷದ ಹಿಂದೆ ನಮ್ಮೂರಿನ ರೋಟರಿ ಕ್ಲಬ್ ಸೇರಿದೆ. ಏನಾದರೂ ಸೇವೆ ಮಾಡಬೇಕು ಅನ್ನುವ ಆಸೆ ಇತ್ತು. ಈಗ ನೋಡಿದರೆ ಮೀಟಿಂಗ್, ಪದಗ್ರಹಣ, ರೋಟರಿ ಡಿಸ್ಟ್ರಿಕ್ಟಿನ ಮುಖ್ಯಸ್ಥರಾದ ಗವರ್ನರ್ ಭೇಟಿ, ಫ್ಯಾಮಿಲಿ ನೈಟ್ ಇವೇ ಜಾಸ್ತಿ. ಶಾಲೆಗೆ ನೋಟ್‌ಬುಕ್ ಕೊಡಲು ಹೋದರೆ ಮಕ್ಕಳನ್ನು ಗಂಟೆಗಟ್ಟಲೆ ಬಿಸಿಲಲ್ಲಿ ಕೂರಿಸಿ ಭಾಷಣ ಮಾಡುತ್ತಾರೆ. ಹೋದ ವರ್ಷ ಕೆರೆ ಏರಿ ಮೇಲೆ ನೆಟ್ಟ ಗಿಡಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ನಾನೇ ಸದಸ್ಯೆ, ಆದರೂ ಕಾರ್ಯಕ್ರಮಗಳಲ್ಲಿ ಸದಸ್ಯರ ಹೆಂಡತಿಯರ ಸಾಲಿನಲ್ಲಿ ಕೂರಿಸುತ್ತಾರೆ, ಆರತಿ ತಟ್ಟೆ ಕೈಗೆ ಕೊಡುತ್ತಾರೆ. ಮೀಟಿಂಗ್ ಮುಗಿದ ಮೇಲೆ ಫೆಲೋಶಿಪ್ ಹೆಸರಿನಲ್ಲಿ ಗುಂಡು ಶುರುವಾಗುತ್ತದೆ. ನಾನು ಎದ್ದು ಬರುತ್ತೇನೆ. ಮುಖ್ಯ ವಿಷಯಗಳೆಲ್ಲ ಅಲ್ಲೇ ತೀರ್ಮಾನವಾಗಿರುತ್ತವೆ. ನಮ್ಮಣ್ಣ, ‘ಅದು ದುಡ್ಡಿರೋರು ಟ್ಯಾಕ್ಸ್ ಉಳಿಸೋಕೆ ಮಾಡ್ಕೊಂಡಿರೋ ಕ್ಲಬ್ಬು, ನಿಮ್ಮ ದುಡ್ಡೆಲ್ಲ ಅಮೆರಿಕಕ್ಕೆ ಹೋಗುತ್ತೆ’ ಅಂತಾನೆ. ಆದರೆ ಅಮ್ಮನಿಗೆ ಹಾಸನದ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ರಕ್ತ ಬೇಕಾದಾಗ ಓಡಿ ಬಂದವರು ಇದೇ ಕ್ಲಬ್ಬಿನ ಇಬ್ಬರು. ಅದನ್ನು ಮರೆಯೋಕಾಗಲ್ಲ. ಈಗ ಜುಲೈಯಿಂದ ಕಾರ್ಯದರ್ಶಿ ಆಗಿ ಅಂತ ಒತ್ತಾಯ ಮಾಡುತ್ತಿದ್ದಾರೆ. ಒಪ್ಪಿಕೊಳ್ಳಲಾ? ಬಿಟ್ಟು ಬರಲಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇಸರಗಳು ಒಂದರೊಳಗೊಂದು ಸೇರಿಕೊಂಡಿವೆ. ಊಟಕ್ಕೆ, ವೇದಿಕೆಗೆ ಹೋಗುವಷ್ಟು ದುಡ್ಡು ಮತ್ತು ಹೊತ್ತು ಕೆಲಸಕ್ಕೆ ಹೋಗುತ್ತಿಲ್ಲ ಅನ್ನುವುದು ಒಂದು. ಈ ಗುಂಪಿನಲ್ಲಿ ನನ್ನ ಜಾಗ ಯಾವುದು ಅನ್ನುವುದು ಇನ್ನೊಂದು. ಎರಡೂ ನಿಜವೇ. ಆದರೆ ಎರಡಕ್ಕೂ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಿದರೆ ‘ಈ ಕ್ಲಬ್ಬೇ ಸರಿಯಿಲ್ಲ’ ಅನ್ನಿಸುವುದು ಸಹಜ.

ಸೇವಾ ಕ್ಲಬ್‌ಗಳಿಗೆ ಮತ್ತು ಸಣ್ಣ ಟ್ರಸ್ಟ್‌ಗಳಿಗೆ ಯೋಜನೆ ರೂಪಿಸಿಕೊಡುವುದು, ಮುಗಿದ ಯೋಜನೆಗಳು ಈಗ ಹೇಗಿವೆ ಅಂತ ಹೋಗಿ ನೋಡಿ ವರದಿ ಬರೆಯುವುದು ನನ್ನ ವೃತ್ತಿ. ರೋಟರಿ, ಲಯನ್ಸ್, ಜೇಸಿ ಮೂರನ್ನೂ ಹತ್ತಿರದಿಂದ ನೋಡಿದ್ದೇನೆ. ಆ ಅನುಭವದ ಮೇಲೆ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಕ್ಲಬ್ಬಿನ ಗಿಡ ಒಣಗಿದ್ದು ಊಟದಿಂದಲ್ಲ, ಒಂದು ವರ್ಷದ ಗಡುವಿನಿಂದ. ಸ್ನೇಹ ಜಾಸ್ತಿಯಾಗಿ ಸೇವೆ ಕಡಿಮೆಯಾದ ಕ್ಲಬ್ ನಾನು ನೋಡಿದ್ದು ತೀರಾ ಅಪರೂಪ. ಪ್ರತಿ ಜುಲೈಗೂ ಎಲ್ಲವನ್ನೂ ಹೊಸದಾಗಿ ಶುರುಮಾಡಿ, ಜೂನ್ ಬರುವಷ್ಟರಲ್ಲಿ ಕೈಬಿಟ್ಟ ಕ್ಲಬ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ನಿಮ್ಮ ಅಣ್ಣನ ಮಾತಿನಿಂದ ಶುರುಮಾಡೋಣ. ಟ್ಯಾಕ್ಸ್ ಉಳಿಸಲು ಕ್ಲಬ್ ಸೇರುತ್ತಾರೆ ಅನ್ನುವುದು ತಪ್ಪು ತಿಳಿವಳಿಕೆ. ನೀವು ಕಟ್ಟುವ ಸದಸ್ಯತ್ವದ ಹಣಕ್ಕೆ, ಅಂದರೆ ಡ್ಯೂಸ್‌ಗೆ, ದಾನದ ವಿನಾಯಿತಿ ಇಲ್ಲ. 80ಜಿ ಅಂತ ಎಲ್ಲರೂ ಕರೆಯುವ ವಿನಾಯಿತಿ ಸಿಗುವುದು ಅದಕ್ಕೆ ನೋಂದಣಿಯಾದ ಟ್ರಸ್ಟಿಗೋ ಸಂಸ್ಥೆಗೋ ಕೊಟ್ಟ ದಾನಕ್ಕೆ ಮಾತ್ರ. ಅದರಲ್ಲೂ 2,000 ರೂಪಾಯಿ ಮೀರಿ ನಗದಾಗಿ ಕೊಟ್ಟರೆ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿಯೇ ಇಲ್ಲ. ಹಾಗಾಗಿ ಟ್ಯಾಕ್ಸ್ ಉಳಿಸುವುದೇ ಉದ್ದೇಶವಾದರೆ ವಾರ ವಾರ ಮೀಟಿಂಗಿಗೆ ಬಂದು ಕೂರುವ ಅಗತ್ಯ ಯಾರಿಗೂ ಇರಲಿಲ್ಲ.

ದುಡ್ಡು ಅಮೆರಿಕಕ್ಕೆ ಹೋಗುತ್ತದೆ ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ನಿಮ್ಮ ಡ್ಯೂಸ್‌ನಲ್ಲಿ ಒಂದು ಪಾಲು ಅಮೆರಿಕದಲ್ಲಿ ಕೇಂದ್ರ ಕಚೇರಿ ಇರುವ ರೋಟರಿ ಇಂಟರ್‌ನ್ಯಾಷನಲ್‌ಗೆ ಹೋಗುತ್ತದೆ. ಅದನ್ನು ಜುಲೈ ಮತ್ತು ಜನವರಿಯಲ್ಲಿ ಎರಡು ಕಂತಾಗಿ ಕಟ್ಟಬೇಕು. ಇನ್ನೊಂದು ಪಾಲು ಡಿಸ್ಟ್ರಿಕ್ಟಿಗೆ, ಅಂದರೆ ಕೆಲವು ಜಿಲ್ಲೆಗಳ ಕ್ಲಬ್ಬುಗಳನ್ನು ಸೇರಿಸಿ ರೋಟರಿಯೇ ಮಾಡಿಕೊಂಡ ವಿಭಾಗಕ್ಕೆ. ನೀವಿರುವುದು ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಉಡುಪಿ ಸೇರಿದ 3182ರಲ್ಲಿ. ಉಳಿದದ್ದು ನಿಮ್ಮ ಕ್ಲಬ್ಬಿನಲ್ಲೇ ಹಾಲ್ ಬಾಡಿಗೆ, ಊಟ, ಬುಲೆಟಿನ್ ಅಂತ ಖರ್ಚಾಗುತ್ತದೆ. ಸೇವಾ ಯೋಜನೆಗಳಿಗೆ ಹಣ ಕೊಡುವ ರೋಟರಿ ಫೌಂಡೇಶನ್‌ಗೆ ಕೊಡುವುದು ಇವೆಲ್ಲದರಿಂದ ಬೇರೆ. ಅದು ದಾನ, ಕಡ್ಡಾಯ ಅಲ್ಲ. ಅದರ ವಾರ್ಷಿಕ ನಿಧಿಗೆ ಕೊಟ್ಟ ಹಣ ಮೂರು ವರ್ಷ ಹೂಡಿಕೆಯಲ್ಲಿರುತ್ತದೆ. ಆಮೇಲೆ ಹೆಚ್ಚುಕಡಿಮೆ ಅರ್ಧದಷ್ಟು ನಿಮ್ಮ ಡಿಸ್ಟ್ರಿಕ್ಟೇ ತೀರ್ಮಾನಿಸಿ ಬಳಸುವ ನಿಧಿಗೆ ವಾಪಸ್ ಬರುತ್ತದೆ. ಸಣ್ಣ ಯೋಜನೆಗೆ ನಿಮ್ಮ ಕ್ಲಬ್ ಡಿಸ್ಟ್ರಿಕ್ಟ್ ಗ್ರಾಂಟ್ ಕೇಳಿದರೆ ಆ ಹಣ ಬರುವುದು ಅಲ್ಲಿಂದಲೇ. ನಿಮ್ಮ ಕ್ಲಬ್ ಕಳೆದ ಕೆಲವು ವರ್ಷಗಳಲ್ಲಿ ಅರ್ಜಿ ಹಾಕಿದೆಯಾ? ವಿಚಾರಿಸಿ ನೋಡಿ. ಕೊಡುವುದನ್ನು ಮಾತ್ರ ಗೊತ್ತುಮಾಡಿಕೊಂಡು, ಕೇಳುವುದನ್ನು ಮರೆತ ಕ್ಲಬ್‌ಗಳು ಬಹಳ ಇವೆ.

ಇನ್ನು ನಿಮ್ಮದೇ ಒಂದು ಅನಿಸಿಕೆ: ಊಟ, ಹರಟೆ, ಫ್ಯಾಮಿಲಿ ನೈಟ್ ಇವೆಲ್ಲ ಸೇವೆಯ ದಾರಿ ತಪ್ಪಿಸಿದವು ಅನ್ನುವುದು. ಇತಿಹಾಸ ಉಲ್ಟಾ ಇದೆ. 1905ರ ಫೆಬ್ರವರಿ 23ರಂದು ಶಿಕಾಗೊದಲ್ಲಿ ಪಾಲ್ ಹ್ಯಾರಿಸ್ ಅನ್ನುವ ವಕೀಲರು ಮೂವರನ್ನು ಸೇರಿಸಿಕೊಂಡು ಇದನ್ನು ಶುರುಮಾಡಿದ್ದೇ ಸ್ನೇಹಕ್ಕಾಗಿ. ದೊಡ್ಡ ನಗರದಲ್ಲಿ ಪರಿಚಯದವರು ಬೇಕಿತ್ತು, ವ್ಯಾಪಾರಕ್ಕೆ ಒಬ್ಬರಿಗೊಬ್ಬರು ಆಗಬೇಕಿತ್ತು, ಅಷ್ಟೇ. ಸರದಿಯಂತೆ ಒಬ್ಬೊಬ್ಬರ ಆಫೀಸಿನಲ್ಲಿ ಸೇರುತ್ತಿದ್ದರು. ಊರಿಗೆ ಏನಾದರೂ ಮಾಡಬೇಕು ಅಂತ ಹೊಳೆದದ್ದು ಆಮೇಲೆ. 1907ರಲ್ಲಿ ಅವರು ಕೈಹಾಕಿದ ಮೊದಲ ಕೆಲಸ ಶಿಕಾಗೊ ನಗರಕ್ಕೆ ಸಾರ್ವಜನಿಕ ಶೌಚಾಲಯ ಬೇಕು ಅಂತ ಓಡಾಡಿದ್ದು. ಶೌಚಾಲಯದ ಕೆಲಸ ಯಾರಿಗೂ ಹೆಸರು ತರುವಂಥದ್ದಲ್ಲ. ಅಂಥ ಕೆಲಸಕ್ಕೆ ಜೊತೆಯಾಗಿ ನಿಲ್ಲಲು ಆಗಿದ್ದು ಎರಡು ವರ್ಷ ಒಟ್ಟಿಗೆ ಕೂತು ಉಂಡದ್ದರಿಂದ ಅಂತ ನಾನು ನಂಬುತ್ತೇನೆ.

ನಿಮ್ಮ ಅಮ್ಮನ ವಿಷಯವೇ ತೆಗೆದುಕೊಳ್ಳಿ. ರಾತ್ರಿ ಹೊತ್ತು ಹಾಸನಕ್ಕೆ ಓಡಿ ಬಂದ ಆ ಇಬ್ಬರಿಗೆ ನಿಮ್ಮ ಮುಖ ಗೊತ್ತಿತ್ತು, ನಿಮ್ಮ ಅಂಗಡಿ ಗೊತ್ತಿತ್ತು. ಅದು ಯಾವ ವರದಿಯಲ್ಲೂ ಯೋಜನೆ ಅಂತ ದಾಖಲಾಗುವುದಿಲ್ಲ. ಆದರೆ ಕ್ಲಬ್ಬಿನ ಊಟದ ಖರ್ಚಿನಲ್ಲಿ ಒಂದು ಭಾಗ ಇಂಥದ್ದನ್ನೂ ಬೆಳೆಸುತ್ತದೆ. ಸ್ನೇಹವನ್ನು ಕತ್ತರಿಸಿ ಸೇವೆ ಹೆಚ್ಚಿಸಲು ಹೊರಟ ಅಧ್ಯಕ್ಷರು ಇದ್ದಾರೆ. ಆರು ತಿಂಗಳಲ್ಲಿ ಮೀಟಿಂಗಿಗೆ ಬರುವವರೂ ಇರುವುದಿಲ್ಲ, ಕ್ಯಾಂಪಿಗೆ ಕುರ್ಚಿ ಜೋಡಿಸುವವರೂ ಇರುವುದಿಲ್ಲ.

ಹಾಗಾದರೆ ಕೆಡುವುದು ಎಲ್ಲಿ? ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ರೋಟರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಅಧ್ಯಕ್ಷರಿಗೆ ಸಿಗುವುದು ಆ ಹನ್ನೆರಡು ತಿಂಗಳು. ಮೊದಲ ತಿಂಗಳು ಪದಗ್ರಹಣದಲ್ಲಿ ಕಳೆಯುತ್ತದೆ. ಗವರ್ನರ್ ಭೇಟಿಯ ದಿನ ಫೈಲು ತುಂಬಿರಬೇಕು. ವರ್ಷದ ಕೊನೆಗೆ ಡಿಸ್ಟ್ರಿಕ್ಟ್ ಪ್ರಶಸ್ತಿ. ಅಲ್ಲಿ ಎಷ್ಟು ಕಾರ್ಯಕ್ರಮ ಮಾಡಿದಿರಿ ಅಂತ ಕೇಳುತ್ತಾರೆಯೇ ಹೊರತು, ಎರಡು ವರ್ಷದ ಹಿಂದೆ ಮಾಡಿದ್ದು ಈಗ ಹೇಗಿದೆ ಅಂತ ಕೇಳುವವರು ಕಡಿಮೆ. ಹಿಂದಿನವರು ಶುರುಮಾಡಿದ ಕೆಲಸ ಮುಂದುವರಿಸಿದರೆ ಹೆಸರು ಅವರದ್ದಾಗುತ್ತದೆ, ಹಾಗಾಗಿ ಹೊಸ ಅಧ್ಯಕ್ಷರು ಹೊಸದೇ ಮಾಡುತ್ತಾರೆ. ಒಳ್ಳೆಯ ಮನುಷ್ಯರೇ ಈ ವ್ಯವಸ್ಥೆಯಲ್ಲಿ ಹೀಗೆ ನಡೆದುಕೊಳ್ಳುತ್ತಾರೆ. ಒಂದು ದಿನದಲ್ಲಿ ಮುಗಿಯುವ, ಒಂದು ಫೋಟೊದಲ್ಲಿ ಹಿಡಿಯುವ ಕೆಲಸಗಳೇ ಅವರಿಗೆ ಸುಲಭ. ನೋಟ್‌ಬುಕ್, ಹಣ್ಣು ಹಂಚಿಕೆ, ಒಂದು ದಿನದ ಶುಗರ್ ತಪಾಸಣೆ.

ಗಿಡದ ಕತೆಯೂ ಇದೇ. ವನಮಹೋತ್ಸವ ಬರುವುದು ಜುಲೈ ಮೊದಲ ವಾರ. 1950ರಲ್ಲಿ ಆಗಿನ ಕೇಂದ್ರ ಸಚಿವ ಕೆ.ಎಂ. ಮುನ್ಷಿ ಅದನ್ನು ಶುರುಮಾಡಿದಾಗ ಮಳೆಗಾಲ ನೋಡಿ ಆ ವಾರ ಆರಿಸಿದ್ದರು. ರೋಟರಿ ವರ್ಷವೂ ಆಗಲೇ ಶುರು. ಹೊಸ ಅಧ್ಯಕ್ಷರ ಮೊದಲ ಕಾರ್ಯಕ್ರಮ ಗಿಡ ನೆಡುವುದೇ ಆಗುವುದಕ್ಕೆ ಇದೂ ಒಂದು ಕಾರಣ. ಆದರೆ ಗಿಡಕ್ಕೆ ನಿಜವಾದ ಕಷ್ಟದ ಕಾಲ ಫೆಬ್ರವರಿಯಿಂದ ಮೇ. ಅಷ್ಟು ಹೊತ್ತಿಗೆ ಅಧ್ಯಕ್ಷರು ಅಧಿಕಾರ ಬಿಟ್ಟುಕೊಡುವ ತಯಾರಿಯಲ್ಲಿರುತ್ತಾರೆ. ಒಂದು ಗಿಡ ತಾನಾಗಿ ನಿಲ್ಲಬೇಕಾದರೆ ನಮ್ಮ ಬಯಲುಸೀಮೆಯಲ್ಲಿ ಎರಡು ಮೂರು ಬೇಸಿಗೆ ನೀರು ಬೇಕು, ಬೇಲಿ ಬೇಕು. ಸಸಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಖರ್ಚಿರುವುದು ಮುಂದಿನದಕ್ಕೆ. ಅರಸೀಕೆರೆ ಕಡೆಯ ಬಿಸಿಲಿಗೂ ಸಕಲೇಶಪುರದ ಮಳೆಗೂ ಒಂದೇ ಯೋಜನೆ ಹಾಕಿದರೆ ಆಗುವುದಿಲ್ಲ.

ಅಂದ ಹಾಗೆ, ಕೆರೆ ಏರಿ ಮೇಲೆ ಮರ ಬೆಳೆಸುವುದೇ ಸರಿಯಲ್ಲ. ಮಣ್ಣಿನ ಏರಿಯೊಳಗೆ ಬೇರು ಇಳಿದು, ಮುಂದೆ ಮರ ಸತ್ತು ಬೇರು ಕೊಳೆತರೆ ಅದೇ ಜಾಡಿನಲ್ಲಿ ನೀರು ಜಿನುಗಲು ಶುರುವಾಗುತ್ತದೆ. ಏರಿ ದುರ್ಬಲವಾಗುತ್ತದೆ. ಮುಂದಿನ ಸಲ ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರನ್ನು, ಅಂದರೆ ಸಣ್ಣ ನೀರಾವರಿ ಇಲಾಖೆಯೋ ಪಂಚಾಯಿತಿಯೋ, ಕೇಳಿ, ಏರಿಯಿಂದ ದೂರ ಜಾಗ ಗೊತ್ತುಮಾಡಿ.

ಒಂದು ವರ್ಷದ ಗಡುವನ್ನು ಮೀರಿದಾಗ ಇದೇ ಸಂಸ್ಥೆ ಏನು ಮಾಡಬಲ್ಲದು ಅನ್ನುವುದಕ್ಕೆ ಪೋಲಿಯೊ ಸಾಕ್ಷಿ. ರೋಟರಿ ಆ ಕೆಲಸ ಕೈಗೆತ್ತಿಕೊಂಡದ್ದು 1985ರಲ್ಲಿ. ಭಾರತದಲ್ಲಿ ಪಲ್ಸ್ ಪೋಲಿಯೊ ಶುರುವಾಗಿದ್ದು 1995ರಲ್ಲಿ. ನಮ್ಮ ದೇಶದಲ್ಲಿ ಕಾಡು ವೈರಸ್, ಅಂದರೆ ಲಸಿಕೆಯಿಂದ ಬಂದದ್ದಲ್ಲದ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ, 2011ರ ಜನವರಿ 13ರಂದು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ನಾವಿರುವ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಲಸಿಕೆ ಹಾಕಿದ್ದು ಸರ್ಕಾರದ ಆರೋಗ್ಯ ಸಿಬ್ಬಂದಿ, ಅಂಗನವಾಡಿಯವರು. ಬೂತಿಗೆ ಶಾಮಿಯಾನ, ಸಿಬ್ಬಂದಿಗೆ ತಿಂಡಿ, ಆಟೊದಲ್ಲಿ ಮೈಕು, ಬಾರದ ಮನೆಗಳಿಗೆ ಹೋಗಿ ಕರೆಯುವುದು, ಇಂಥ ಸಣ್ಣ ಸಣ್ಣ ಕೆಲಸವನ್ನು ಊರೂರಿನ ಕ್ಲಬ್‌ಗಳು ಮಾಡಿದವು. ಎಷ್ಟೋ ಅಧ್ಯಕ್ಷರು ಬಂದು ಹೋದರು, ಕೆಲಸ ನಿಲ್ಲಲಿಲ್ಲ. ಲಯನ್ಸ್‌ನವರದ್ದೂ ಅಷ್ಟೇ. 1925ರಲ್ಲಿ ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶಕ್ಕೆ ಬಂದು ಕುರುಡುತನದ ವಿರುದ್ಧ ನಿಲ್ಲಿ ಅಂತ ಕೇಳಿಕೊಂಡರು. ನೂರು ವರ್ಷ ಕಳೆದರೂ ಕಣ್ಣಿನ ಕ್ಯಾಂಪ್ ಅಂದರೆ ಜನಕ್ಕೆ ಲಯನ್ಸ್ ನೆನಪಾಗುತ್ತದೆ.

ಈಗ ನಿಮ್ಮ ಊರಿಗೆ ಬರೋಣ. ನೀವು ಮೆಡಿಕಲ್ ಸ್ಟೋರ್ ನಡೆಸುತ್ತೀರಿ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರು ಬಿಪಿ ಮಾತ್ರೆಯನ್ನು ಒಂದು ತಿಂಗಳು ತಿಂದು ಬಿಟ್ಟುಬಿಟ್ಟರು, ಯಾರು ಹತ್ತು ಮಾತ್ರೆ ಬರೆದುಕೊಟ್ಟರೆ ನಾಲ್ಕೇ ಕೊಡಿ ಅನ್ನುತ್ತಾರೆ, ಇದೆಲ್ಲ ನಿಮಗೆ ಗೊತ್ತಿರುತ್ತದೆ. ನಿಮ್ಮ ಕ್ಲಬ್ಬಿನಲ್ಲಿ ಇಷ್ಟು ತಿಳಿದವರು ಬೇರೆ ಯಾರಿರಬಹುದು? ನಿಮ್ಮನ್ನು ಕಾರ್ಯದರ್ಶಿ ಮಾಡಿ ನಡಾವಳಿ ಬರೆಯಲು ಕೂರಿಸಿದರೆ ಈ ತಿಳಿವಳಿಕೆ ಯಾರ ಉಪಯೋಗಕ್ಕೂ ಬರುವುದಿಲ್ಲ. ಇದು ನನಗೆ ಬೇಜಾರಿನ ಸಂಗತಿ.

ನಾನು ನೋಡಿದ ಯೋಜನೆಗಳಲ್ಲಿ ಸಣ್ಣ ಊರಿಗೆ ಬಹಳ ಕಾಲ ಉಪಯೋಗಕ್ಕೆ ಬಂದದ್ದು ಸಲಕರಣೆ ಎರವಲು ಕೊಡುವ ಯೋಜನೆ. ವೀಲ್‌ಚೇರ್, ವಾಕರ್, ಕಮೋಡ್ ಚೇರ್, ಆಸ್ಪತ್ರೆಯ ಮಂಚ, ಏರ್ ಬೆಡ್. ಸೊಂಟದ ಮೂಳೆ ಮುರಿದ ಅಜ್ಜಿಗೆ ಮೂರು ತಿಂಗಳಿಗೆ ಮಾತ್ರ ಬೇಕಾಗುವ ಮಂಚವನ್ನು ಯಾವ ಮನೆಯವರೂ ಖುಷಿಯಿಂದ ಕೊಳ್ಳುವುದಿಲ್ಲ. ಕ್ಲಬ್ ಇಟ್ಟುಕೊಂಡಿದ್ದರೆ ಸ್ವಲ್ಪ ಠೇವಣಿ ತೆಗೆದುಕೊಂಡು ಕೊಡಬಹುದು, ವಾಪಸ್ ತಂದಾಗ ಠೇವಣಿ ಹಿಂದಿರುಗಿಸಬಹುದು. ಒಂದು ರಿಜಿಸ್ಟರು, ಒಂದು ಕೋಣೆ, ಒಂದು ಫೋನ್ ನಂಬರು ಇದ್ದರೆ ನಡೆಯುತ್ತದೆ. ಪದಗ್ರಹಣದ ಶಾಲು, ಹಾರ, ಮೊಮೆಂಟೊ ಖರ್ಚಿನಲ್ಲೇ ಒಂದೆರಡು ಸಾಧಾರಣ ವೀಲ್‌ಚೇರ್ ಬರುತ್ತವೆ. ಕಷ್ಟ ಇರುವುದು ಕೊಂಡ ಮೇಲೆ. ವಾಪಸ್ ಬಂದದ್ದನ್ನು ತೊಳೆಯುವವರು ಯಾರು? ಚಕ್ರ ಮುರಿದರೆ? ತಿಂಗಳುಗಟ್ಟಲೆ ವಾಪಸ್ ಕೊಡದವರ ಮನೆಗೆ ಹೋಗಿ ಕೇಳುವವರು ಯಾರು? ಇದನ್ನು ಮೊದಲೇ ಬರೆದಿಡದಿದ್ದರೆ ಸಾಮಾನು ಮೂಲೆ ಸೇರುತ್ತದೆ. 2021ರ ಕೋವಿಡ್ ಹೊತ್ತಿಗೆ ಬಂದ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳು ಹೀಗೆ ಧೂಳು ಹಿಡಿದು ಕೂತದ್ದನ್ನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ.

ಇನ್ನೊಂದು ದಾರಿ, ಶುಗರ್ ಮತ್ತು ಬಿಪಿ. ಒಂದು ದಿನದ ಕ್ಯಾಂಪಿನಲ್ಲಿ ಒಬ್ಬರಿಗೆ ಶುಗರ್ 280 ಇದೆ ಅಂತ ಚೀಟಿ ಬರೆದುಕೊಟ್ಟು ಕಳಿಸಿದರೆ ಅವರಿಗೆ ಸಿಕ್ಕಿದ್ದು ಹೆದರಿಕೆ ಮಾತ್ರ. ಅದೇ ಜನರನ್ನು ತಿಂಗಳಿಗೊಮ್ಮೆ ಅದೇ ಜಾಗಕ್ಕೆ ಕರೆದು, ಅದೇ ಪುಸ್ತಕದಲ್ಲಿ ಬರೆದು, ತಾಲ್ಲೂಕು ಆಸ್ಪತ್ರೆಯಲ್ಲಿ ಅಂಟದ ಕಾಯಿಲೆಗಳಿಗೆಂದೇ ಇರುವ ಎನ್‌ಸಿಡಿ ಕ್ಲಿನಿಕ್ಕಿಗೆ ಸೇರಿಸಿದರೆ ಕತೆ ಬೇರೆ. ಅಲ್ಲಿ ಈ ಎರಡು ಕಾಯಿಲೆಗೆ ಮಾತ್ರೆ ಉಚಿತ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿಗೆ ಮೊದಲೇ ತಿಳಿಸಿ, ಅವರ ಸಿಬ್ಬಂದಿ ಜೊತೆಗೇ ಮಾಡಿ. ಕಣ್ಣಿನ ಕ್ಯಾಂಪ್ ಆದರೆ ತಪಾಸಣೆ ಊರಲ್ಲಿ, ಆಪರೇಷನ್ ಆಸ್ಪತ್ರೆಯಲ್ಲಿ. ಕಲ್ಯಾಣ ಮಂಟಪದಲ್ಲಿ ಆಪರೇಷನ್ ಮಾಡುತ್ತಿದ್ದ ಕಾಲ ಹೋಯಿತು, ಹೋಗಿದ್ದೇ ಒಳ್ಳೆಯದಾಯಿತು. ಕ್ಲಬ್ಬಿನ ಕೆಲಸ ವಾಹನ, ಜೊತೆಗೊಬ್ಬರು, ಆಮೇಲೆ ಕಣ್ಣಿನ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದಾರಾ ಅಂತ ವಿಚಾರಿಸುವುದು.

ನಿಮ್ಮ ವೃತ್ತಿಯಿಂದಾಗಿ ಎರಡು ಎಚ್ಚರಿಕೆ ಹೇಳಲೇಬೇಕು. ಕ್ಲಬ್ಬಿನ ಕ್ಯಾಂಪಿಗೆ ನಿಮ್ಮ ಅಂಗಡಿಯಿಂದ ಮಾತ್ರೆ ಕೊಡಬೇಡಿ, ಅಸಲು ಬೆಲೆಗೂ ಬೇಡ. ನಿಮ್ಮ ಮನಸ್ಸು ಎಷ್ಟೇ ಚೊಕ್ಕವಾಗಿದ್ದರೂ ಊರಿನ ಬಾಯಿ ಮುಚ್ಚಿಸಲು ಆಗುವುದಿಲ್ಲ. ಬೇರೆ ಅಂಗಡಿಯಿಂದ ಕೊಟೇಷನ್ ತರಿಸಲಿ. ಎರಡನೆಯದು, ಮನೆಗಳಲ್ಲಿ ಉಳಿದ ಮಾತ್ರೆ ಸಂಗ್ರಹಿಸಿ ಬಡವರಿಗೆ ಹಂಚೋಣ ಅಂತ ಯಾರಾದರೂ ಉತ್ಸಾಹದಲ್ಲಿ ಹೇಳುತ್ತಾರೆ. ಹೇಗೆ ಇಟ್ಟಿದ್ದರೋ ಗೊತ್ತಿರದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವ ಅಪಾಯ ನಿಮಗೆ ನಾನು ಹೇಳಬೇಕಾಗಿಲ್ಲ. ಅಂಥ ಹಂಚಿಕೆಯಲ್ಲಿ ನಿಮ್ಮ ಲೈಸೆನ್ಸಿನ ಹೆಸರು ಕೂಡ ಬರಬಾರದು.

ಶಾಲೆಯ ವಿಷಯ ಬೇಗ ಮುಗಿಸುತ್ತೇನೆ. ಸರ್ಕಾರಿ ಶಾಲೆ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರದಿಂದ ಬರುತ್ತದೆ. ನೋಟ್‌ಬುಕ್ ಕೊಡುವುದು ತಪ್ಪಲ್ಲ. ಆದರೆ ಮುಖ್ಯ ಶಿಕ್ಷಕರನ್ನೂ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರನ್ನೂ ಕೂರಿಸಿಕೊಂಡು ‘ನಿಮಗೆ ಏನು ಬೇಕು’ ಅಂತ ಕೇಳಿದರೆ ಬಹಳ ಸಲ ಬರುವ ಉತ್ತರ ಶೌಚಾಲಯಕ್ಕೆ ನೀರು, ಅದನ್ನು ತೊಳೆಯುವವರ ಸಂಬಳ. ವೇದಿಕೆ ಹಾಕಿ ಕೊಡುವಂಥದ್ದಲ್ಲ ಅದು. ಕೊಟ್ಟರೆ ಹೆಣ್ಣುಮಕ್ಕಳು ಶಾಲೆ ತಪ್ಪಿಸುವುದು ಕಡಿಮೆಯಾಗುತ್ತದೆ. ಮಕ್ಕಳನ್ನು ಬಿಸಿಲಲ್ಲಿ ಕೂರಿಸುವುದನ್ನಂತೂ ನೀವು ಇವತ್ತೇ ನಿಲ್ಲಿಸಬಹುದು. ಮುಂದಿನ ಕಾರ್ಯಕ್ರಮಕ್ಕೆ ಮುಂಚೆ ಅಧ್ಯಕ್ಷರಿಗೆ ಫೋನ್ ಮಾಡಿ, ತರಗತಿಯಲ್ಲೇ ಕೊಡೋಣ ಅಂತ ಹೇಳಿ. ಬೇಡ ಅನ್ನುವ ಅಧ್ಯಕ್ಷರು ಅಪರೂಪ.

ಎರಡನೇ ಬೇಸರಕ್ಕೆ ಬರುತ್ತೇನೆ. ನೀವು ಸದಸ್ಯೆ. ಡ್ಯೂಸ್ ನೀವು ಕಟ್ಟುತ್ತೀರಿ, ಮತ ನಿಮ್ಮದು. ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ಬಿನ ಪ್ರಕರಣದಲ್ಲಿ ತೀರ್ಪು ಕೊಟ್ಟ ಮೇಲೆ, 1989ರಲ್ಲಿ ರೋಟರಿ ತನ್ನ ನಿಯಮ ಬದಲಿಸಿ ಜಗತ್ತಿನೆಲ್ಲೆಡೆ ಮಹಿಳೆಯರಿಗೆ ಸದಸ್ಯತ್ವ ತೆರೆಯಿತು. 2022ರ ಜುಲೈಯಲ್ಲಿ ಕೆನಡಾದ ಜೆನ್ನಿಫರ್ ಜೋನ್ಸ್ ಇಡೀ ಸಂಸ್ಥೆಗೆ ಮೊದಲ ಮಹಿಳಾ ಅಧ್ಯಕ್ಷರಾದರು. ಇಷ್ಟಾದರೂ ಸಣ್ಣ ಊರುಗಳಲ್ಲಿ ಹೆಂಗಸು ಅಂದರೆ ಸದಸ್ಯರ ಮನೆಯವರು ಅನ್ನುವ ರೂಢಿ ಹೋಗಿಲ್ಲ. ಅವರು ಕೆಟ್ಟವರು ಅಂತಲ್ಲ, ಯಾರೂ ಎದುರಿಗೆ ಹೇಳಿಲ್ಲ, ಅಷ್ಟೇ. ಮುಂದಿನ ಕಾರ್ಯಕ್ರಮದಲ್ಲಿ ಸುಮ್ನೆ ಸದಸ್ಯರ ಸಾಲಿನಲ್ಲಿ ಹೋಗಿ ಕೂತುಕೊಳ್ಳಿ. ನಿಮ್ಮ ಯಜಮಾನರು ಬಂದಿದ್ದರೆ ಅವರು ಮನೆಯವರ ಸಾಲಿನಲ್ಲಿ ಕೂರಲಿ. ಆರತಿ ತಟ್ಟೆ ಸದಸ್ಯರಲ್ಲಿ ಸರದಿಯಂತೆ ಹೋಗಲಿ ಅಂತ ಬೋರ್ಡಿನಲ್ಲಿ, ಅಂದರೆ ಕ್ಲಬ್ಬಿನ ಆಡಳಿತ ಮಂಡಳಿಯಲ್ಲಿ, ಒಂದು ಮಾತು ಹೇಳಿ. ಅದು ಜಗಳದ ವಿಷಯವೇ ಆಗಬೇಕಿಲ್ಲ.

ಗುಂಡಿನ ಮೇಜಿನ ಮೇಲೆ ತೀರ್ಮಾನಗಳಾಗುತ್ತವೆ ಅನ್ನುವುದು ಇದಕ್ಕಿಂತ ಗಂಭೀರ. ಕುಡಿಯುವುದು ಬಿಡುವುದು ಅವರವರ ಇಷ್ಟ. ಆದರೆ ಕ್ಲಬ್ಬಿನ ತೀರ್ಮಾನ ಅಂದರೆ ಬೋರ್ಡ್ ಮೀಟಿಂಗಿನಲ್ಲಿ ಆಗಿ, ನಡಾವಳಿ ಪುಸ್ತಕಕ್ಕೆ ಬಂದದ್ದು ಮಾತ್ರ. ಮುಂದಿನ ಮೀಟಿಂಗಿನಲ್ಲಿ ‘ಇದು ಯಾವ ಬೋರ್ಡಿನಲ್ಲಿ ಒಪ್ಪಿಗೆಯಾಯಿತು’ ಅಂತ ಮೆತ್ತಗೆ ಕೇಳಿ. ಎರಡು ಸಲ ಕೇಳಿದರೆ ಮೂರನೇ ಸಲ ಅವರೇ ಬೋರ್ಡಿಗೆ ತರುತ್ತಾರೆ. ಜೊತೆಗೆ, ಎಲ್ಲರೂ ಇರಬಹುದಾದ ಬೇರೆ ಬಗೆಯ ಸೇರುವಿಕೆ ಬೇಕು. ತಿಂಗಳಿಗೊಂದು ಮೀಟಿಂಗನ್ನು ಒಬ್ಬ ಸದಸ್ಯರ ಕೆಲಸದ ಜಾಗದಲ್ಲಿ ಇಟ್ಟು ನೋಡಿ. ಅಕ್ಕಿ ಗಿರಣಿ, ಪ್ರಿಂಟಿಂಗ್ ಪ್ರೆಸ್, ಕಾಫಿ ಕ್ಯೂರಿಂಗ್, ನಿಮ್ಮ ಅಂಗಡಿ. ಪಾಲ್ ಹ್ಯಾರಿಸ್ ಕಾಲದಲ್ಲಿ ಇದ್ದದ್ದೇ ಹೀಗೆ. ಕಾಫಿ, ಚೌಚೌ ಬಾತ್‌ನಲ್ಲಿ ಮುಗಿಯುತ್ತದೆ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಹಾಜರಾತಿ ಬಗ್ಗೆ ಹೆದರಿಸಿದರೆ ಹೆದರಬೇಡಿ. 2016ರಿಂದ ಮೀಟಿಂಗ್ ಮತ್ತು ಹಾಜರಾತಿಯ ನಿಯಮಗಳನ್ನು ಕ್ಲಬ್‌ಗಳು ತಮ್ಮ ಅನುಕೂಲಕ್ಕೆ ಸಡಿಲ ಮಾಡಿಕೊಳ್ಳಬಹುದು. ತಿಂಗಳಿಗೆ ಎರಡು ಸಲ ಸೇರಿದರೂ ಸಾಕು.

ಇನ್ನು ಜುಲೈ ತೀರ್ಮಾನ.

ಕಾರ್ಯದರ್ಶಿ ಹುದ್ದೆ ಒಪ್ಪಿಕೊಂಡರೆ ಕ್ಲಬ್ಬಿನ ಒಳಗು ಪೂರ್ತಿ ಗೊತ್ತಾಗುತ್ತದೆ, ಡಿಸ್ಟ್ರಿಕ್ಟ್ ಪರಿಚಯ ಆಗುತ್ತದೆ. ಅದಕ್ಕೆ ಬೆಲೆ ಇದೆ. ಆದರೆ ಕೆಲಸ ಎಂಥದ್ದು ಗೊತ್ತಿರಲಿ: ನಡಾವಳಿ, ಸದಸ್ಯರ ಪಟ್ಟಿಯನ್ನು ಆನ್‌ಲೈನಿನಲ್ಲಿ ಸರಿಯಾಗಿ ಇಡುವುದು, ಗವರ್ನರ್ ಭೇಟಿಯ ಫೈಲು, ತಿಂಗಳ ವರದಿ, ನೂರೆಂಟು ಫೋನು. ಅಂಗಡಿ ನಡೆಸಿಕೊಂಡು ಇದನ್ನು ಮಾಡಿದರೆ ಸಂಜೆಗಳು ಹೋಗುತ್ತವೆ. ಹೆಂಗಸರು ನೀಟಾಗಿ ಬರೆಯುತ್ತಾರೆ ಅಂತ ಈ ಹುದ್ದೆಗೆ ಅವರನ್ನೇ ಹುಡುಕುವುದನ್ನು ನೋಡಿದ್ದೇನೆ. ಅಧ್ಯಕ್ಷ ಸ್ಥಾನಕ್ಕೆ ಅಷ್ಟು ಒತ್ತಾಯ ಕಾಣುವುದಿಲ್ಲ. ಒಪ್ಪಿಕೊಳ್ಳುವುದಾದರೆ ಒಬ್ಬ ಜಂಟಿ ಕಾರ್ಯದರ್ಶಿ ಬೇಕೇ ಬೇಕು ಅಂತ ಮೊದಲೇ ಹೇಳಿ.

ಬಿಟ್ಟು ಬರುವುದೂ ಒಂದು ದಾರಿ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಬಾಕಿ ತೀರಿಸಿ, ಎರಡು ಸಾಲಿನ ಪತ್ರ ಕೊಟ್ಟು, ವಾಟ್ಸಾಪ್ ಗುಂಪಿನಲ್ಲಿ ಕಾರಣ ಬರೆಯದೆ ಬಂದರೆ ಸ್ನೇಹ ಉಳಿಯುತ್ತದೆ. ಇನ್ನೊಂದು ಕ್ಲಬ್ ಸೇರುತ್ತೀರಾ? ಲಯನ್ಸ್‌ನಲ್ಲೂ ಅಧ್ಯಕ್ಷರಿಗೆ ಒಂದೇ ವರ್ಷ. ಜೇಸಿಯಲ್ಲಿ 40 ವರ್ಷದವರೆಗೆ ಮಾತ್ರ, ನಿಮಗೆ ಉಳಿದಿರುವುದು ಎರಡು ವರ್ಷ. ನಾಲ್ಕು ಗೆಳತಿಯರು ಸೇರಿ ನಾವೇ ಮಾಡುತ್ತೇವೆ ಅನ್ನುವುದು ಚೆನ್ನಾಗಿ ಕೇಳಿಸುತ್ತದೆ. ಆದರೆ ನೋಂದಣಿ, ರಸೀದಿ, ಲೆಕ್ಕ ತಪಾಸಣೆ ಇಲ್ಲದೆ ಊರವರಿಂದ ಹಣ ಎತ್ತಿದರೆ ಮೊದಲ ಅನುಮಾನಕ್ಕೇ ಅದು ಮುರಿಯುತ್ತದೆ.

ನಾನಾಗಿದ್ದರೆ ನಿಮಗೆ ಹೇಳುವುದು ಮೂರನೇ ದಾರಿ. ಈ ಸಲ ಕಾರ್ಯದರ್ಶಿ ಹುದ್ದೆ ಬೇಡ ಅನ್ನಿ. ಬದಲಿಗೆ ಒಂದು ಯೋಜನೆಯನ್ನು ಮೂರು ವರ್ಷಕ್ಕೆ ನನಗೆ ಕೊಡಿ ಅಂತ ಕೇಳಿ. ಮುಂದಿನ ಅಧ್ಯಕ್ಷರು, ಅವರ ನಂತರದವರು ಯಾರು ಅನ್ನುವುದು ಕ್ಲಬ್ಬಿನಲ್ಲಿ ಮುಂಚೆಯೇ ಗೊತ್ತಾಗಿರುತ್ತದೆ. ಆ ಇಬ್ಬರೂ ಈಗಲೇ ಒಪ್ಪಬೇಕು, ಬೋರ್ಡಿನಲ್ಲಿ ಠರಾವಾಗಬೇಕು, ಪ್ರತಿ ವರ್ಷದ ಬಜೆಟ್ಟಿನಲ್ಲಿ ಅದಕ್ಕೆ ಒಂದು ಸಾಲು ಇರಬೇಕು. ಬಾಯಿಮಾತಿನ ಒಪ್ಪಿಗೆ ಜುಲೈ 1ರ ನಂತರ ನಿಲ್ಲುವುದಿಲ್ಲ. ಇದರಲ್ಲೂ ತೊಂದರೆಗಳಿವೆ. ಹುದ್ದೆ ಬೇಡ ಅಂದದ್ದಕ್ಕೆ ಕೆಲವರು ಮುನಿಸಿಕೊಳ್ಳಬಹುದು. ಚೆಕ್ಕಿಗೆ ಸಹಿ ಹಾಕುವ ಅಧಿಕಾರ ನಿಮ್ಮದಾಗಿರುವುದಿಲ್ಲ, ಪ್ರತಿ ಖರ್ಚಿಗೂ ಖಜಾಂಚಿಯನ್ನು ಕೇಳಬೇಕಾಗುತ್ತದೆ. ಎರಡನೇ ವರ್ಷದ ಅಧ್ಯಕ್ಷರು ಹೆಸರು ಬದಲಿಸಿ ಹೊಸದಾಗಿ ಉದ್ಘಾಟನೆ ಮಾಡೋಣ ಅಂತ ಬರಬಹುದು. ಮಾಡಲಿ ಬಿಡಿ, ನಾಮಫಲಕದ ಮೇಲೆ ಅವರ ಹೆಸರೇ ಬರಲಿ, ವೀಲ್‌ಚೇರ್ ಜನರ ಮನೆಗೆ ಹೋದರೆ ಸಾಕು.

ಹಣದ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಸದಸ್ಯರ ಡ್ಯೂಸ್ ಒಂದು ಖಾತೆ, ಊರವರಿಂದ ಯೋಜನೆಗೆ ಬಂದದ್ದು ಇನ್ನೊಂದು ಖಾತೆ, ಎರಡಕ್ಕೂ ಇಬ್ಬರ ಸಹಿ. ಯೋಜನೆಯ ಹಣದಿಂದ ಊಟ, ಹಾರ, ಬ್ಯಾನರ್ ಯಾವುದೂ ಬೇಡ. ನಿಮ್ಮೂರಿನವರು ಯಾರಾದರೂ ಅಮೆರಿಕದಲ್ಲಿದ್ದು ಹಣ ಕಳಿಸುತ್ತೇನೆ ಅಂದರೆ ಅವರ ಪೌರತ್ವ ಕೇಳಿ. ಭಾರತದ ಪೌರರೇ ಆಗಿದ್ದು ತಮ್ಮ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ಪಡೆದವರಾದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಅಂಥ ದೇಣಿಗೆಗೆಂದೇ ಇರುವ ಕಾನೂನಾದ ಎಫ್‌ಸಿಆರ್‌ಎ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಫೌಂಡೇಶನ್ ಕೊಡುವ ದೊಡ್ಡ ಗ್ಲೋಬಲ್ ಗ್ರಾಂಟ್ ಕಡೆ ಈಗಲೇ ನೋಡಬೇಡಿ. ಅದಕ್ಕೆ ಕನಿಷ್ಠ 30,000 ಡಾಲರಿನ ಯೋಜನೆ, ಹೊರದೇಶದ ಜೊತೆಗಾರ ಕ್ಲಬ್, ಊರಿನ ಅಗತ್ಯದ ಸಮೀಕ್ಷೆ ಎಲ್ಲ ಬೇಕು. ಮೂರು ವರ್ಷ ಸಣ್ಣದನ್ನು ನಡೆಸಿ ತೋರಿಸಿದ ಕ್ಲಬ್ಬಿಗೆ ಅದು ತಾನಾಗಿ ಹತ್ತಿರವಾಗುತ್ತದೆ.

ರಕ್ತದಾನಿಗಳ ಪಟ್ಟಿಯನ್ನೂ ನಿಮ್ಮ ಕೈಗೆ ತೆಗೆದುಕೊಳ್ಳಿ, ಅದು ಈಗಾಗಲೇ ನಿಮ್ಮ ಮನಸ್ಸಿಗೆ ಹತ್ತಿರದ್ದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಹಾಗಾಗಿ ಕೊನೆಯ ಸಲ ಕೊಟ್ಟ ದಿನಾಂಕ ಬರೆಯದ ಪಟ್ಟಿ ರಾತ್ರಿ ಹೊತ್ತು ಉಪಯೋಗಕ್ಕೆ ಬರುವುದಿಲ್ಲ. ಫೋನ್ ನಂಬರುಗಳನ್ನು ಗುಂಪುಗಳಲ್ಲಿ ಹರಿಯಬಿಡಬೇಡಿ. ಇಬ್ಬರ ಬಳಿ ಇದ್ದರೆ ಸಾಕು.

ಮುಂದಿನ ಅಧ್ಯಕ್ಷರ ಹತ್ತಿರ ಜೂನ್‌ಗೆ ಮುಂಚೆಯೇ, ಅವರ ಕೆಲಸದ ಜಾಗದಲ್ಲಿ, ಒಬ್ಬರೇ ಹೋಗಿ ಮಾತಾಡಿ. ಕೈಯಲ್ಲಿ ಒಂದು ಹಾಳೆ ಇರಲಿ. ಅದರಲ್ಲಿ ಯೋಜನೆಯ ಹೆಸರು, ಮೊದಲ ವರ್ಷದ ಖರ್ಚು, ನಿಮ್ಮ ಜೊತೆ ನಿಲ್ಲುವ ಮೂವರ ಹೆಸರು ಬರೆದಿರಲಿ. ಆ ಮೂವರಲ್ಲಿ ಅಮ್ಮನಿಗೆ ರಕ್ತ ಕೊಟ್ಟ ಇಬ್ಬರನ್ನು ಮೊದಲು ಕೇಳಿ ನೋಡಿ. ಅವರು ಹ್ಞೂಂ ಅಂದ ಮೇಲೆ ಅಧ್ಯಕ್ಷರ ಬಳಿಗೆ ಹೋಗಿ.